‘ಬಿಗ್’ ಎಂಬ ಚಿಕ್ಕ ಮಾತು

ಇಂಗ್ಲಿಷ್ ಕಲಿಯತೊಡಗಿದ ಕನ್ನಡ ಮಗುವಿಗೆ ಮೊದಮೊದಲು ದೊರೆಯುವ ಮಾತುಗಳಲ್ಲಿ ‘ಬಿಗ್’ ಎಂಬುದೂ ಒಂದು. ಮೂರೇ ಅಕ್ಷರಗಳ ಪುಟ್ಟ ಪದ. ಬರೆಯುವುದಕ್ಕೆ ತೊಡಕಿಲ್ಲ, ಉಚ್ಚರಿಸುವುದಕ್ಕೆ ಆಯಾಸವಿಲ್ಲ. ಪುಸ್ತಕದ ಒಂದು ಮಗ್ಗುಲಿಗೆ ಆನೆಯ ಚಿತ್ರ, ಇನ್ನೊಂದು ಮಗ್ಗುಲಿಗೆ ಇಲಿಯ ಚಿತ್ರ. ‘ಬಿಗ್’ ಎಂದರೆ ದೊಡ್ಡದು, ‘ಸ್ಮಾಲ್’ ಎಂದರೆ ಚಿಕ್ಕದು. ಅಲ್ಲಿಗೆ ಪಾಠ ಮುಗಿಯಿತು.

ಪಾಠವೇನೋ ಮುಗಿಯಿತು, ಪೇಚು ಅಲ್ಲಿಂದಲೇ ಪ್ರಾರಂಭವಾಯಿತು. ಇದೇ ಮಗು ಬೆಳೆದು, ಪದವಿಯನ್ನು ಪಡೆದು, ಉದ್ಯೋಗದ ಸಂದರ್ಶನಕ್ಕೆ ಹೋದಾಗ ‘ನೆನ್ನೆ ದೊಡ್ಡ ಮಳೆ ಬಂದದ್ದರಿಂದ ತಡವಾಯಿತು’ ಎಂಬುದನ್ನು ‘ಬಿಗ್ ರೈನ್’ ಎಂದು ಹೇಳುತ್ತದೆ. ರಜೆಯ ಅರ್ಜಿಯಲ್ಲಿ ‘ಮೈ ಬಿಗ್ ಫಾದರ್ ಈಸ್ ಇಲ್’ ಎಂದು ಬರೆಯುತ್ತದೆ. ಕೇಳಿದವರ ತುಟಿಯ ಅಂಚಿನಲ್ಲಿ ಒಂದು ನಗೆ ಸುಳಿಯುತ್ತದೆ. ವ್ಯಾಕರಣದ ತಪ್ಪನ್ನು ಜನ ಕ್ಷಮಿಸಿಯಾರು. ಆದರೆ ನಗೆಗೀಡಾದ ಮಾತನ್ನು ಆಡಿದವನೇ ಬಹುಕಾಲ ಮರೆಯಲಾರ. ಎಷ್ಟೋ ಮಂದಿ ಬುದ್ಧಿವಂತರು ಅಂತಹ ಒಂದೆರಡು ನಗೆಗಳಿಗೆ ಅಂಜಿ, ಆಮೇಲೆ ಇಂಗ್ಲಿಷಿನಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿರುವುದುಂಟು. ಆದಕಾರಣ ಈ ಚಿಕ್ಕ ಮಾತಿನ ವಿಚಾರ ಅಷ್ಟೇನೂ ಚಿಕ್ಕದಲ್ಲ.

ನಮ್ಮ ‘ದೊಡ್ಡ’ ಬಹು ದೊಡ್ಡದು

ಈ ತಪ್ಪು ಎಲ್ಲಿಂದ ಬಂದಿತು? ಅಜ್ಞಾನದಿಂದ ಎನ್ನುವುದು ಸರಿಯಾಗಲಾರದು. ಕನ್ನಡವನ್ನು ಚೆನ್ನಾಗಿ ಬಲ್ಲವನೇ ಇದನ್ನು ಮಾಡುತ್ತಾನೆ. ನಮ್ಮ ‘ದೊಡ್ಡ’ ಎಂಬ ಶಬ್ದದ ಔದಾರ್ಯವನ್ನು ನೋಡಿ: ಮನೆ ದೊಡ್ಡದು, ಮರ ದೊಡ್ಡದು, ಮಳೆ ದೊಡ್ಡದು, ದನಿ ದೊಡ್ಡದು, ಮನಸ್ಸು ದೊಡ್ಡದು, ಖಾಯಿಲೆ ದೊಡ್ಡದು. ತಂದೆಯ ಅಣ್ಣ ದೊಡ್ಡಪ್ಪ. ತಾಯಿಯ ಅಕ್ಕ ದೊಡ್ಡಮ್ಮ. ಗೌರವಕ್ಕೆ ಪಾತ್ರರಾದವರು ದೊಡ್ಡವರು. ಮಗುವಿಗೆ ವಯಸ್ಸು ಬಂದರೆ ‘ದೊಡ್ಡವನಾದ’ ಎನ್ನುತ್ತೇವೆ. ಮೈಸೂರಿನವರಿಗೆ ಕೃಷ್ಣರಾಜೇಂದ್ರ ಆಸ್ಪತ್ರೆಯೆಂದರೆ ‘ದೊಡ್ಡಾಸ್ಪತ್ರೆ’. ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣ, ಅದರ ಹತ್ತಿರದಲ್ಲಿಯೇ ದೊಡ್ಡ ಗಣಪತಿ. ಎತ್ತರ, ಅಗಲ, ತೂಕ, ವಯಸ್ಸು, ಮಹಿಮೆ, ಜೋರು, ಎಲ್ಲವನ್ನೂ ಒಂದೇ ಚಾವಡಿಯಲ್ಲಿ ಕುಳ್ಳಿರಿಸಿ ಉಪಚರಿಸುವ ಅವಿಭಕ್ತ ಕುಟುಂಬದ ಯಜಮಾನನಂತಹ ಪದವಿದು.

ಇಂಗ್ಲಿಷಿನ ಸಂಸಾರ ಬೇರೆ. ಅಲ್ಲಿ ಆಸ್ತಿ ಪಾಲಾಗಿ ಹೋಗಿದೆ. ‘ಬಿಗ್’, ‘ಲಾರ್ಜ್’, ‘ಗ್ರೇಟ್’ ಎಂಬ ಮೂವರು ಪಾಲುಗಾರರು ತಮ್ಮ ತಮ್ಮ ಮನೆಗಳಲ್ಲಿ ಬೇರೆಯಾಗಿ ಬಾಳುತ್ತಿದ್ದಾರೆ. ‘ಹೆವಿ’, ‘ಲೌಡ್’, ‘ಹೈ’, ‘ಟಾಲ್’, ‘ಎಲ್ಡರ್’ ಮೊದಲಾದ ದಾಯಾದಿಗಳಿಗೂ ಒಂದೊಂದು ತುಂಡು ಹೊಲ ಸೇರಿದೆ. ನಾವು ‘ದೊಡ್ಡ’ ಎಂದ ಕಡೆಯಲ್ಲೆಲ್ಲ ‘ಬಿಗ್’ ಎಂದರೆ, ಒಬ್ಬನ ಪಾಲನ್ನು ಇನ್ನೊಬ್ಬನಿಗೆ ಬರೆದುಕೊಟ್ಟಂತೆ ಆಗುತ್ತದೆ.

ಮೂವರ ಪೂರ್ವಚರಿತ್ರೆ

ಈ ಪಾಲುಪಟ್ಟಿ ಹೇಗೆ ಆಯಿತೆಂಬುದು ಸ್ವಾರಸ್ಯವಾದ ಸಂಗತಿ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ದೊಡ್ಡದೆಂಬುದಕ್ಕೆ ಸಾಮಾನ್ಯವಾಗಿ ಬಳಕೆಯಲ್ಲಿದ್ದ ಪದ ‘ಮಿಚೆಲ್’. ಇಂದಿನ ‘ಮಚ್’ ಅದರದೇ ಸಂತಾನ. ಗಾತ್ರದ ಅರ್ಥವನ್ನು ಕಳೆದುಕೊಂಡು ಈಗ ಅದು ಪರಿಮಾಣಕ್ಕೆ ಮಾತ್ರ ನಿಂತಿದೆ. ‘ಗ್ರೇಟ್’ ಎಂಬುದೂ ಹಳೆಯ ಇಂಗ್ಲಿಷಿನ ಮಾತೇ. ಮೊದಲು ಅದಕ್ಕೆ ದಪ್ಪ, ಒರಟು ಎಂಬ ಅರ್ಥವಿದ್ದು, ಕ್ರಮೇಣ ಗಾತ್ರಕ್ಕೂ ಅಲ್ಲಿಂದ ಮಹಿಮೆಗೂ ಏರಿತು. ‘ಲಾರ್ಜ್’ ಫ್ರೆಂಚರ ಮೂಲಕ ಲ್ಯಾಟಿನ್ನಿನಿಂದ ಬಂದದ್ದು. ಧಾರಾಳ, ಸಮೃದ್ಧ ಎಂಬುದು ಅದರ ಮೂಲಾರ್ಥ. ‘ಬಿಗ್’ ಇವರೆಲ್ಲರಿಗಿಂತ ಕಿರಿಯ. ಸುಮಾರು 1300ರ ಹೊತ್ತಿಗೆ ಬರವಣಿಗೆಯಲ್ಲಿ ಕಾಣಿಸಿಕೊಂಡ ಈ ಪದದ ಹುಟ್ಟು ಸ್ಪಷ್ಟವಾಗಿಲ್ಲ. ಸ್ಕ್ಯಾಂಡಿನೇವಿಯದ ಕಡೆಯಿಂದ ಬಂದಿರಬಹುದೆಂದು ಪಂಡಿತರ ಊಹೆ. ಮೊದಲಿಗೆ ಬಲಿಷ್ಠ ಎಂಬ ಅರ್ಥವನ್ನು ಹೊತ್ತು, ಕಾಲಕ್ರಮದಲ್ಲಿ ಗಾತ್ರದ ಕೆಲಸವನ್ನೆಲ್ಲ ತಾನೇ ವಹಿಸಿಕೊಂಡಿತು.

ಕನ್ನಡ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮಲ್ಲಿಯೂ ಇದೇ ನಡೆದಿದೆ. ಹಳಗನ್ನಡದ ‘ಪಿರಿಯ’ ಹೊಸಗನ್ನಡದಲ್ಲಿ ‘ಹಿರಿಯ’ ಆಯಿತು. ಗಾತ್ರದ ಚಾಕರಿಯನ್ನು ‘ದೊಡ್ಡ’ಕ್ಕೆ ಒಪ್ಪಿಸಿ ತಾನು ವಯಸ್ಸು ಮತ್ತು ಗೌರವಗಳ ಆಸನದಲ್ಲಿ ಕುಳಿತುಕೊಂಡಿತು. ಹೆಬ್ಬಾಗಿಲು, ಹೆದ್ದಾರಿ, ಹೆಮ್ಮರ, ಹೆಬ್ಬಾವು ಎಂಬ ಸಮಾಸಗಳಲ್ಲಿ ಮಾತ್ರ ಅದರ ಹಿಂದಿನ ಗಾತ್ರ ಉಳಿದಿದೆ. ‘ಹಿರಿಯ ಮನುಷ್ಯ’ ಎಂಬುದಕ್ಕೂ ‘ದೊಡ್ಡ ಆಳು’ ಎಂಬುದಕ್ಕೂ ಇರುವ ಅಂತರವನ್ನು ನಾವು ಯಾವ ವ್ಯಾಕರಣದ ನೆರವೂ ಇಲ್ಲದೆ ಬಲ್ಲೆವು. ‘ಎ ಗ್ರೇಟ್ ಮ್ಯಾನ್’ ಮತ್ತು ‘ಎ ಬಿಗ್ ಮ್ಯಾನ್’ ಎಂಬವುಗಳ ಅಂತರ ಬಹುಮಟ್ಟಿಗೆ ಅದೇ. ಗಾಂಧೀಜಿಯವರು ‘ಗ್ರೇಟ್ ಮ್ಯಾನ್’. ಅವರ ಕೃಶಶರೀರವನ್ನು ಕಂಡ ಯಾರೂ ‘ಬಿಗ್ ಮ್ಯಾನ್’ ಎನ್ನಲಾರರು. ಅಲೆಕ್ಸಾಂಡರನೂ ಅಕ್ಬರನೂ ‘ದ ಗ್ರೇಟ್’ ಎನಿಸಿಕೊಂಡರೇ ಹೊರತು ‘ದ ಬಿಗ್’ ಎನಿಸಿಕೊಳ್ಳಲಿಲ್ಲ.

ಹಳೆಯ ಅರ್ಥ ಹಳೆಯ ಹೆಸರುಗಳಲ್ಲಿ ಅಡಗಿ ಕುಳಿತಿರುವುದೂ ಉಂಟು. ‘ಗ್ರೇಟ್ ಬ್ರಿಟನ್’ ಎಂಬ ಹೆಸರನ್ನು ಕೇಳಿ, ಆ ಜನ ತಮ್ಮ ನಾಡನ್ನು ತಾವೇ ಮಹಾನ್ ಎಂದು ಕರೆದುಕೊಂಡರೆಂದು ನಮ್ಮಲ್ಲಿ ಹಲವರು ಭಾವಿಸುವುದುಂಟು. ವಾಸ್ತವವಾಗಿ ಅಲ್ಲಿ ‘ಗ್ರೇಟ್’ ಎಂದರೆ ದೊಡ್ಡದು ಎಂದಷ್ಟೇ. ಫ್ರಾನ್ಸಿನ ವಾಯವ್ಯದಲ್ಲಿರುವ ಬ್ರಿಟನಿ ಚಿಕ್ಕ ಬ್ರಿಟನ್. ಸಮುದ್ರದ ಆಚೆಯ ದ್ವೀಪ ದೊಡ್ಡ ಬ್ರಿಟನ್. ನಮ್ಮ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳ ಹಾಗೆ.

ಲಂಡನ್ ನಗರದ ಪಾರ್ಲಿಮೆಂಟ್ ಭವನದ ಗಂಟೆಯ ಹೆಸರು ಇನ್ನೂ ಮನೋಹರವಾದ ನಿದರ್ಶನ. 1858ರಲ್ಲಿ ಎರಕ ಹೊಯ್ದ, ಹದಿಮೂರು ಟನ್ನಿಗೂ ಮಿಗಿಲಾದ ತೂಕದ ಆ ಗಂಟೆಗೆ ಅಧಿಕೃತವಾದ ಹೆಸರು ‘ಗ್ರೇಟ್ ಬೆಲ್’. ಜನ ಅಕ್ಕರೆಯಿಂದ ಕೂಗುವ ಹೆಸರು ‘ಬಿಗ್ ಬೆನ್’. ತಂಜಾವೂರಿನಲ್ಲಿಯೂ ಹೀಗೆಯೇ. ರಾಜರಾಜ ಚೋಳನು ಕಟ್ಟಿಸಿದ ಬೃಹದೀಶ್ವರ ದೇವಾಲಯವು ವಿಶ್ವಪರಂಪರೆಯ ಪಟ್ಟಿಯಲ್ಲಿ ‘ಗ್ರೇಟ್ ಲಿವಿಂಗ್ ಚೋಳ ಟೆಂಪಲ್ಸ್’ ಎಂಬ ಘನವಾದ ಶೀರ್ಷಿಕೆಯಡಿ ಸೇರಿದೆ. ಊರಿನವರು ಇಂಗ್ಲಿಷಿನಲ್ಲಿ ಅದನ್ನು ‘ಬಿಗ್ ಟೆಂಪಲ್’ ಎನ್ನುತ್ತಾರೆ. ಒಂದೇ ವಸ್ತು, ಪೀಠದ ಮೇಲೆ ಇಟ್ಟಾಗ ‘ಗ್ರೇಟ್’, ಮನೆಯ ಜಗುಲಿಯ ಮೇಲೆ ಕುಳಿತು ಮಾತನಾಡುವಾಗ ‘ಬಿಗ್’. ಈ ಎರಡು ಹೆಸರುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಅರ್ಧ ಪಾಠ ಕಲಿತಂತೆ.

ಯಾರಿಗೆ ಯಾವ ಪಾಲು?

ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳ ಗಾತ್ರವನ್ನು ಆಡುಮಾತಿನಲ್ಲಿ ಹೇಳುವಾಗ ‘ಬಿಗ್’ ಎನ್ನಬೇಕು: ‘ಬಿಗ್ ಹೌಸ್’, ‘ಬಿಗ್ ಟ್ರೀ’, ‘ಬಿಗ್ ಡಾಗ್’. ಮಹತ್ವದ ಸಂಗತಿಗಳಿಗೂ ಅದು ಸಲ್ಲುತ್ತದೆ: ‘ಬಿಗ್ ಡಿಸಿಷನ್’, ‘ಬಿಗ್ ಮಿಸ್ಟೇಕ್’. ಮದುವೆಯ ದಿನ ಮದುಮಗಳಿಗೆ ‘ಬಿಗ್ ಡೇ’.

ಎಣಿಕೆ, ಅಳತೆ, ಪ್ರಮಾಣಗಳ ವಿಷಯ ಬಂದರೆ ‘ಲಾರ್ಜ್’ ಮುಂದೆ ಬರಬೇಕು. ‘ಎ ಲಾರ್ಜ್ ನಂಬರ್ ಆಫ್ ಪೀಪಲ್’, ‘ಎ ಲಾರ್ಜ್ ಸಮ್ ಆಫ್ ಮನಿ’, ‘ಎ ಲಾರ್ಜ್ ಕ್ವಾಂಟಿಟಿ ಆಫ್ ರೈಸ್’. ಸಿದ್ಧ ಉಡುಪಿನ ಅಂಗಡಿಯಲ್ಲಿ ಷರ್ಟಿನ ಕೊರಳಪಟ್ಟಿಯ ಮೇಲಿರುವುದು ‘ಲಾರ್ಜ್’. ಅಲ್ಲಿ ‘ಬಿಗ್’ ಎಂದು ಬರೆದಿರುವುದಿಲ್ಲ. ವರದಿ, ಅರ್ಜಿ, ವ್ಯವಹಾರಪತ್ರಗಳಲ್ಲಿ ‘ಬಿಗ್’ಗಿಂತ ‘ಲಾರ್ಜ್’ ಹೆಚ್ಚು ಗಂಭೀರವಾಗಿ ಕಾಣುತ್ತದೆ.

ಕಣ್ಣಿಗೆ ಕಾಣದ ಭಾವಗಳು, ಗುಣಗಳು ‘ಗ್ರೇಟ್’ನ ಪಾಲಿನವು. ‘ಗ್ರೇಟ್ ಪ್ಲೆಷರ್’, ‘ಗ್ರೇಟ್ ರೆಸ್ಪೆಕ್ಟ್’, ‘ಗ್ರೇಟ್ ಕೇರ್’, ‘ಗ್ರೇಟ್ ಡಿಫಿಕಲ್ಟಿ’. ಸ್ವಾಗತಭಾಷಣ ಮಾಡುವವರು ‘ಇಟ್ ಗಿವ್ಸ್ ಮಿ ಬಿಗ್ ಪ್ಲೆಷರ್’ ಎಂದರೆ ಅಧ್ಯಕ್ಷರಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾದೀತು. ಎಣಿಸಲಾಗದ ವಸ್ತುವಿನ ಹಿಂದೆ ‘ಬಿಗ್’ ಸಾಮಾನ್ಯವಾಗಿ ನಿಲ್ಲುವುದಿಲ್ಲ ಎಂಬುದು ನೆನಪಿಡಲು ಸುಲಭವಾದ ಸೂತ್ರ. ‘ಬಿಗ್ ಬಿಸಿನೆಸ್’, ‘ಬಿಗ್ ಮನಿ’ ಎಂಬಂತಹ ಕೆಲವು ಅಪವಾದಗಳುಂಟು. ಅವು ರೂಢಿಯಿಂದ ಬಂದವು, ಹಾಗೆಯೇ ಕಲಿಯಬೇಕು. ‘ಡಿಫರೆನ್ಸ್’, ‘ಸಕ್ಸೆಸ್’ ಮೊದಲಾದವು ‘ಬಿಗ್’, ‘ಗ್ರೇಟ್’ ಎರಡನ್ನೂ ಒಪ್ಪುತ್ತವೆ.

ಉಳಿದ ದಾಯಾದಿಗಳನ್ನೂ ಮರೆಯಬಾರದು. ಮಳೆ ದೊಡ್ಡದಾದರೆ ‘ಹೆವಿ’. ದನಿ ದೊಡ್ಡದಾದರೆ ‘ಲೌಡ್’. ಜ್ವರ ದೊಡ್ಡದಾದರೆ ‘ಹೈ’. ಗಾಳಿ ದೊಡ್ಡದಾದರೆ ‘ಸ್ಟ್ರಾಂಗ್’. ಕಾಗದ ಬರೆದದ್ದು ದೊಡ್ಡದಾದರೆ ‘ಲಾಂಗ್’. ದೊಡ್ಡಕ್ಷರ ‘ಕ್ಯಾಪಿಟಲ್ ಲೆಟರ್’. ದೊಡ್ಡ ರಸ್ತೆ ‘ಮೇನ್ ರೋಡ್’. ಮಗ ದೊಡ್ಡವನಾದರೆ ‘ಗ್ರೋನ್ ಅಪ್’.

ಬಂಧುಗಳ ನಡುವೆ

ಮನುಷ್ಯರ ವಿಷಯದಲ್ಲಿ ಎಚ್ಚರ ಇಮ್ಮಡಿಯಾಗಿರಬೇಕು. ಅಣ್ಣನನ್ನು ‘ಬಿಗ್ ಬ್ರದರ್’ ಎನ್ನುವುದು ಮನೆಯೊಳಗಿನ ಸಲಿಗೆಗೆ ಸರಿ. ಅರ್ಜಿಯಲ್ಲಿ ‘ಎಲ್ಡರ್ ಬ್ರದರ್’ ಎಂದೇ ಬರೆಯಬೇಕು. ಜಾರ್ಜ್ ಆರ್ವೆಲನ 1949ರ ಕಾದಂಬರಿಯಿಂದ ಈಚೆಗಂತೂ ‘ಬಿಗ್ ಬ್ರದರ್’ ಎಂದರೆ ಪ್ರಜೆಗಳ ಮೇಲೆ ಹಗಲಿರುಳೂ ಕಣ್ಣಿಟ್ಟಿರುವ ಸರ್ವಾಧಿಕಾರವೆಂಬ ಭಯಂಕರವಾದ ಅರ್ಥವೂ ಅಂಟಿಕೊಂಡಿದೆ. ‘ಎಲ್ಡರ್’ಗೂ ಒಂದು ಕಟ್ಟಳೆಯುಂಟು: ‘ಎಲ್ಡರ್ ಸಿಸ್ಟರ್’ ಸರಿ, ಆದರೆ ‘ಅವಳು ನನಗಿಂತ ದೊಡ್ಡವಳು’ ಎನ್ನುವಾಗ ‘ಎಲ್ಡರ್ ದ್ಯಾನ್ ಮಿ’ ಎನ್ನದೆ ‘ಓಲ್ಡರ್ ದ್ಯಾನ್ ಮಿ’ ಎನ್ನಬೇಕು. ದೊಡ್ಡಪ್ಪನಿಗೆ ಇಂಗ್ಲಿಷಿನಲ್ಲಿ ಪ್ರತ್ಯೇಕವಾದ ಪದವೇ ಇಲ್ಲ. ಚಿಕ್ಕಪ್ಪ, ಸೋದರಮಾವ ಇವರೊಡನೆ ಅವರೂ ಬರಿಯ ‘ಅಂಕಲ್’. ‘ಗ್ರೇಟ್ ಅಂಕಲ್’ ಎಂದರೆ ಅವರು ಅಜ್ಜನ ಅಥವಾ ಅಜ್ಜಿಯ ಸೋದರರಾಗಿಬಿಡುತ್ತಾರೆ. ಈ ಬಡತನ ಅವರ ಭಾಷೆಯದು. ನಾವು ನಾಚಿಕೊಳ್ಳಬೇಕಾದ ಕಾರಣವಿಲ್ಲ.

ದೊಡ್ಡ ಮನಸ್ಸಿನವರನ್ನು ಹೊಗಳುವಾಗ ‘ಲಾರ್ಜ್ ಹಾರ್ಟೆಡ್’ ಎನ್ನಬಹುದು. ‘ಲಾರ್ಜ್’ನ ಮೂಲಾರ್ಥವಾದ ಧಾರಾಳತನ ಅಲ್ಲಿ ಇನ್ನೂ ಜೀವಂತವಾಗಿದೆ. ಆದರೆ ‘ಎನ್‌ಲಾರ್ಜ್ಡ್ ಹಾರ್ಟ್’ ಎಂದು ಬಾಯಿತಪ್ಪಿದರೆ ಅದು ವೈದ್ಯರು ಚಿಕಿತ್ಸೆ ಮಾಡಬೇಕಾದ ರೋಗ! ಹಾಗೆಯೇ ‘ಲಾರ್ಜ್ ಮ್ಯಾನ್’ ಎಂದರೆ ಸ್ಥೂಲಕಾಯನೆಂದು ಅರ್ಥ. ಕಳ್ಳನು ‘ಅಟ್ ಲಾರ್ಜ್’ ಎಂದು ಪತ್ರಿಕೆಯಲ್ಲಿ ಓದಿದಾಗ ಅವನ ಗಾತ್ರವನ್ನು ಊಹಿಸಬೇಕಾಗಿಲ್ಲ. ಇನ್ನೂ ಸಿಕ್ಕಿಬಿದ್ದಿಲ್ಲವೆಂದು ತಿಳಿದರೆ ಸಾಕು.

ವಾಕ್ಯದಲ್ಲಿ ಸ್ಥಾನ

ಪದವನ್ನು ಆರಿಸಿದ ಮೇಲೆ ಅದನ್ನು ಕುಳ್ಳಿರಿಸುವ ಜಾಗವನ್ನೂ ಅರಿಯಬೇಕು. ‘ಎನಫ್’ ಎಂಬುದು ‘ಬಿಗ್’ನ ಹಿಂದೆ ಬರದೆ ಅದನ್ನು ಹಿಂಬಾಲಿಸುತ್ತದೆ: ‘ಬಿಗ್ ಎನಫ್’. ‘ನಮಗೆ ತೀರ ದೊಡ್ಡ ಮನೆ’ ಎಂಬುದು ‘ಟೂ ಬಿಗ್ ಎ ಹೌಸ್ ಫಾರ್ ಅಸ್’. ‘ಎ’ಕಾರ ನಡುವೆ ನುಸುಳುವುದನ್ನು ಗಮನಿಸಿ. ‘ಬಿಗ್ಗರ್’ ಎಂದ ಮೇಲೆ ‘ಮೋರ್’ ಬೇಡ. ನಾವು ‘ದೊಡ್ಡ ದೊಡ್ಡ ಮನೆಗಳು’ ಎಂದು ದ್ವಿರುಕ್ತಿ ಮಾಡುವುದು ಕನ್ನಡದ ಸೊಗಸು. ‘ಬಿಗ್ ಬಿಗ್ ಹೌಸಸ್’ ಎಂದು ಬರೆದರೆ ಮಾತ್ರ ಆ ಸೊಗಸು ದಾರಿಯಲ್ಲಿ ಕಳೆದುಹೋಗುತ್ತದೆ.

ಹಲವು ವಿಶೇಷಣಗಳು ಒಟ್ಟಿಗೆ ಬಂದಾಗ ಗಾತ್ರ ಮೊದಲು, ಬಣ್ಣ ಆಮೇಲೆ: ‘ಎ ಬಿಗ್ ಬ್ರೌನ್ ಕೌ’. ಇದನ್ನು ತಿರುಗುಮುರುಗಾಗಿ ಹೇಳುವಂತಿಲ್ಲ. ಪ್ರಸಿದ್ಧ ಲೇಖಕ ಟೋಲ್ಕಿನ್ 1955ರಲ್ಲಿ ಕವಿ ಆಡೆನ್‌ಗೆ ಬರೆದ ಪತ್ರದಲ್ಲಿ ತನ್ನ ಬಾಲ್ಯದ ಸಂಗತಿಯೊಂದನ್ನು ಹೇಳಿದ್ದಾನೆ. ಏಳು ವರ್ಷದ ಹುಡುಗನಾಗಿದ್ದಾಗ ಅವನು ಘಟಸರ್ಪದ ಕಥೆಯೊಂದನ್ನು ಬರೆದು, ಆ ಪ್ರಾಣಿಯನ್ನು ‘ಗ್ರೀನ್ ಗ್ರೇಟ್ ಡ್ರ್ಯಾಗನ್’ ಎಂದು ಕರೆದನಂತೆ. ತಾಯಿ ಕಥೆಯ ಬಗ್ಗೆ ಏನನ್ನೂ ಹೇಳದೆ, ‘ಗ್ರೇಟ್ ಗ್ರೀನ್ ಡ್ರ್ಯಾಗನ್’ ಎನ್ನಬೇಕೆಂದು ಮಾತ್ರ ತಿದ್ದಿದಳು. ಏಕೆ ಹಾಗೆ ಎಂಬುದು ಅವನಿಗೆ ಅಂದೂ ತಿಳಿಯಲಿಲ್ಲ; ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನಾದ ಮೇಲೂ ತಿಳಿಯಲಿಲ್ಲವೆಂದು ಅವನೇ ಒಪ್ಪಿಕೊಂಡಿದ್ದಾನೆ. ಇಂಗ್ಲಿಷನ್ನು ತೊಟ್ಟಿಲಿನಲ್ಲಿ ಕಲಿತ ಮಗುವೂ ತಪ್ಪಿತು, ಅದನ್ನು ತಾಯಿ ತಿದ್ದಿದಳು, ಯಾರೂ ನಗಲಿಲ್ಲ. ನಮ್ಮ ಮನೆಗಳಲ್ಲಿ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ತಂದೆತಾಯಿಗಳು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಪದಗಳನ್ನು ಒಂಟಿಯಾಗಿ, ‘ಬಿಗ್ ಎಂದರೆ ದೊಡ್ಡದು’ ಎಂದು ಉರುಹೊಡೆಯುವುದಕ್ಕಿಂತ ಜೊತೆಗಾರರೊಡನೆ ಕಲಿಯುವುದು ಲೇಸು. ‘ಹೆವಿ ರೈನ್’, ‘ಲಾರ್ಜ್ ನಂಬರ್’, ‘ಗ್ರೇಟ್ ಪ್ಲೆಷರ್’ ಎಂದು ದಂಪತಿಗಳನ್ನು ಆಹ್ವಾನಿಸುವಂತೆ ಜೋಡಿಜೋಡಿಯಾಗಿ ಬರಮಾಡಿಕೊಳ್ಳಬೇಕು. ಮಗು ‘ಬಿಗ್ ರೈನ್’ ಎಂದ ದಿನ ನಗದೆ, ಕನ್ನಡದಲ್ಲಿ ‘ದೊಡ್ಡ’ ಎಂಬುದು ಎಷ್ಟು ಕೆಲಸ ಮಾಡುತ್ತದೆಂಬುದನ್ನು ಮೊದಲು ಅದಕ್ಕೆ ತೋರಿಸಿಕೊಡಿ. ತನ್ನ ತಪ್ಪಿನ ಬೇರು ತನ್ನ ತಾಯಿನುಡಿಯ ಸಿರಿವಂತಿಕೆಯಲ್ಲಿದೆಯೆಂದು ತಿಳಿದ ಮಗು ಎರಡು ನುಡಿಗಳನ್ನೂ ಅಂಜಿಕೆಯಿಲ್ಲದೆ ಆಡುತ್ತದೆ.