ನಿಮಗಿದು ಗೊತ್ತೆ? ಕಲ್ಲುಪುಡಿ ಬೆರೆತರೆ ಫೋಮ್ ಸದ್ದು ನುಂಗುತ್ತದೆ!

ಮೆತ್ತನೆಯ ಪಾಲಿಯುರೆಥೇನ್ ಫೋಮಿಗೆ ಕಲ್ಲಿನ ಪುಡಿ ಬೆರೆಸಿದರೆ ಅದು ಇನ್ನೂ ಹೆಚ್ಚು ಸದ್ದು ಹೀರಬಲ್ಲದು. ಸುಣ್ಣದಕಲ್ಲು, ಬಳಪದ ಕಲ್ಲು ಯಾವುದಾದರೂ ಸರಿ, ಹಿಟ್ಟಿನಷ್ಟು ನುಣ್ಣಗಿರಬೇಕು. ಫೋಮ್ ಉಬ್ಬುವ ಮೊದಲೇ ಅದರ ಮೂಲ ದ್ರವಕ್ಕೆ ಪುಡಿ ಸೇರಿಸುತ್ತಾರೆ.

ಸದ್ದೆಂದರೆ ಗಾಳಿಯ ಅಲುಗಾಟ. ಫೋಮಿನ ಕಿಂಡಿಗಳಲ್ಲಿ ನುಗ್ಗುವ ಗಾಳಿ ಗೋಡೆಗೆ ಉಜ್ಜುತ್ತದೆ. ಸದ್ದಿನ ಶಕ್ತಿ ಶಾಖವಾಗುತ್ತದೆ. (ಕೈಗೆ ತಿಳಿಯುವಷ್ಟು ಬಿಸಿಯೇನಲ್ಲ!) ಫೋಮ್ ಉಬ್ಬುವಾಗ ಪುಡಿಯ ಕಣಗಳ ಸುತ್ತ ಪುಟ್ಟ ಗುಳ್ಳೆಗಳು ಹುಟ್ಟುತ್ತವೆ. ಕಿಂಡಿಗಳು ಕಿರಿದಾಗಿ, ದಾರಿ ಅಂಕುಡೊಂಕಾದಷ್ಟೂ ಉಜ್ಜಾಟ ಹೆಚ್ಚು. ಆದರೆ ಪುಡಿ ಅತಿಯಾದರೆ ಕೆಲಸ ಕೆಟ್ಟಿತು. ಕಿಂಡಿ ಮುಚ್ಚಿ, ಸದ್ದು ಒಳಹೋಗದೆ ವಾಪಸ್ ಚಿಮ್ಮುತ್ತದೆ.

ಫೋಮಿಗೆ ಕೀರಲು ದನಿ ಸುಲಭದ ತುತ್ತು, ಗುಡುಗು ಮಾತ್ರ ದಕ್ಕದು. ಅಲೆ ಉದ್ದವಾದಷ್ಟೂ ದಪ್ಪ ಫೋಮ್ ಬೇಕು: 1000 ಹರ್ಟ್ಸ್ ಅಲೆಯ ಉದ್ದ ಸುಮಾರು 34 ಸೆಂ.ಮೀ.; 100 ಹರ್ಟ್ಸಿನದು 3.4 ಮೀಟರ್!

ಕಾರಿನ ನೆಲಹಾಸಿನಡಿ ಬೇರೆಯೇ ಉಪಾಯ. ಫೋಮಿನ ಮೇಲೆ ಬೆರೈಟ್‌ನಂಥ ಖನಿಜದ ಪುಡಿ ತುಂಬಿದ ಹಾಳೆ ಹಾಸುವುದುಂಟು. ಬೆರೈಟ್ ನೀರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಭಾರ. ಆ ಹಾಳೆ ಸದ್ದನ್ನು ಹೀರುವುದಿಲ್ಲ, ಬರೀ ಭಾರದಿಂದಲೇ ತಡೆಯುತ್ತದೆ. ಬೆರೈಟ್‌ನ ಭಾರಿ ನಿಕ್ಷೇಪವೊಂದು ನೆರೆಯ ಆಂಧ್ರದ ಮಂಗಂಪೇಟೆಯಲ್ಲಿದೆ.