ಮೇಜಿನ ಕಾಲು ಕೆಳಗೆ ಸಣ್ಣಗಾಗುವುದೇಕೆ?

ಪ್ರಶ್ನೆ: ಮನೆಯಲ್ಲೇ ಒಂದು ಮೇಜು ಮಾಡುತ್ತಿದ್ದೇನೆ. ಕಾಲುಗಳನ್ನು ಕೆಳಕ್ಕೆ ಹೋದಂತೆ ಸಣ್ಣಗೆ ಮಾಡಿದರೆ ಬಲ ಕುಗ್ಗುವುದಿಲ್ಲವೇ? ಮಾಡುವುದು ಹೇಗೆ?

ಉತ್ತರ: ಹೆದರಬೇಡಿ. ಮೇಜನ್ನು ಪಕ್ಕಕ್ಕೆ ತಳ್ಳಿದಾಗ ಹೆಚ್ಚು ಒತ್ತಡ ಬೀಳುವುದು ಮೇಲೆ, ಕಾಲಿಗೆ ಅಡ್ಡಪಟ್ಟಿ ಕೂಡುವ ಜಾಗದಲ್ಲಿ. ಪಾದದ ಬಳಿ ಅಷ್ಟು ಮರ ಬೇಕಿಲ್ಲ. ಮೇಲೆ 2 ಅಂಗುಲ ಚೌಕವಿರುವ ಕಾಲು ಕೆಳಗೆ 1 ಅಂಗುಲಕ್ಕೆ ಇಳಿದರೂ ಊಟದ ಮೇಜು ಗಟ್ಟಿಯಾಗಿಯೇ ನಿಲ್ಲುತ್ತದೆ. ನೋಡಲು ಹಗುರವೂ ಹೌದು.

ಅಡ್ಡಪಟ್ಟಿ ಕೂರುವ ತೂತುಗಳನ್ನು ಮೊದಲೇ ಕೊರೆದುಕೊಳ್ಳಿ. ಕಾಲು ಓರೆಯಾದ ಮೇಲೆ ಅದನ್ನು ಹಿಡಿದು ಕೊರೆಯುವುದು ಕಷ್ಟ. ಪಟ್ಟಿ 4 ಅಂಗುಲ ಅಗಲವಿದ್ದರೆ ಮೇಲಿನ 4 ಅಂಗುಲವನ್ನು ಚೌಕವಾಗಿಯೇ ಬಿಟ್ಟು, ಅದರ ತುಸು ಕೆಳಗಿನಿಂದ ಓರೆ ಶುರುಮಾಡಿ. ಒಳಬದಿಯ ಎರಡು ಮೈಗಳನ್ನು ಮಾತ್ರ ಇಳಿಸಿದರೆ ಸಾಕು, ಹೊರಮೈ ನೇರವಾಗಿರಲಿ.

ಗೆರೆ ಎಳೆದು, ಅದರ ಹೊರಗೆ ಕೂದಲೆಳೆಯಷ್ಟು ಮರ ಬಿಟ್ಟು ಗರಗಸದಿಂದ ಕೊಯ್ಯಿರಿ. ಉಳಿದದ್ದನ್ನು ತೋಪಡದಿಂದ ಕೀಸಿ. ಕೀಸುವುದು ಯಾವಾಗಲೂ ದಪ್ಪ ತುದಿಯಿಂದ ಸಣ್ಣ ತುದಿಯ ಕಡೆಗೆ. ತಿರುಗಿಸಿ ಹೊಡೆದರೆ ಮರದ ನಾರು ಎದ್ದು ಸಿಬಿರಾಗುತ್ತದೆ. ಒಂದು ಮೈ ಮುಗಿದಾಗ ಅದರ ಮೇಲಿದ್ದ ಗೆರೆಯೂ ಹೋಗಿರುತ್ತದೆ. ಎರಡನೆಯದನ್ನು ಕೊಯ್ಯುವ ಮುನ್ನ ಮತ್ತೆ ಎಳೆದುಕೊಳ್ಳಿ.

ನಾಲ್ಕೂ ಕಾಲುಗಳ ಒಳಬದಿಗೆ ಮೊದಲೇ ಪೆನ್ಸಿಲ್ ಗುರುತು ಹಾಕಿಡಿ. ಅವಸರದಲ್ಲಿ ಹೊರಮೈ ಕೊಯ್ದರೆ ಆ ಕಾಲು ಒಲೆಗೇ ಸರಿ!