ಮೊದಲ ಸೈಕಲ್ಲು: ಆರಿಸುವ ಬಗೆ, ತಿದ್ದಿಕೊಳ್ಳುವ ಬಗೆ

ಕಾಲೇಜು ಸೇರಿದ ವಿದ್ಯಾರ್ಥಿಯು ಸೈಕಲ್ ಷಾಪನ್ನು ಹೊಕ್ಕಾಗ ಅವನ ಕಣ್ಣು ಮೊದಲು ಬೀಳುವುದು ಹದಿನೆಂಟೋ ಇಪ್ಪತ್ತೊಂದೋ ಗೇರುಗಳುಳ್ಳ, ದಪ್ಪ ಟಯರಿನ, ಮುಂಚಕ್ರಕ್ಕೆ ಸ್ಪ್ರಿಂಗು ತೊಟ್ಟ ವಾಹನದ ಮೇಲೆ. ಅದರ ಪಕ್ಕದಲ್ಲಿಯೇ ಹಳೆಯ ಮಾದರಿಯ ಕಪ್ಪು ಸೈಕಲ್ಲೊಂದು, ಹಾಲು ಮಾರುವವರಿಗೆ ಮಾತ್ರ ತಕ್ಕುದೆಂಬ ಉಪೇಕ್ಷೆಗೆ ಗುರಿಯಾಗಿ, ಗೋಡೆಗೆ ಒರಗಿರುತ್ತದೆ. ಕೈಯಲ್ಲಿರುವ ಹಣವಾದರೋ ಅಲ್ಪ. ಒಮ್ಮೆ ಕೊಂಡದ್ದು ಓದು ಮುಗಿಯುವ ತನಕ ಬಾಳಬೇಕು. ಹೀಗಿರುವಲ್ಲಿ ಯಾವುದನ್ನು ಆರಿಸಬೇಕು? ಈ ಪ್ರಶ್ನೆಗೆ ಅಂಗಡಿಯವರ ಮಾತಿಗಿಂತ ನಮ್ಮ ಭೌತಶಾಸ್ತ್ರದ ಪಠ್ಯಪುಸ್ತಕದ ಮೊದಲ ಕೆಲವು ಅಧ್ಯಾಯಗಳೇ ಹೆಚ್ಚು ನಂಬಲರ್ಹವಾದ ಉತ್ತರವನ್ನು ಕೊಡಬಲ್ಲವು.

ಸೈಕಲ್ಲಿನ ಮೂಲರೂಪವು ೧೮೮೫ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನಿರ್ಮಿಸಿದ 'ರೋವರ್' ಯಂತ್ರದಿಂದ ಇಂದಿಗೂ ಹೆಚ್ಚು ದೂರ ಸರಿದಿಲ್ಲ. ೧೮೮೮ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಡನ್‌ಲಪ್ ಅದಕ್ಕೆ ಗಾಳಿ ತುಂಬಿದ ಟಯರನ್ನು ಒದಗಿಸಿಕೊಟ್ಟನು. ಆಮೇಲೆ ಬಂದ ಸುಧಾರಣೆಗಳಲ್ಲಿ ನಮಗೆ ಬೇಕಾದುವೆಷ್ಟು, ಬೇಡವಾದುವೆಷ್ಟು ಎಂಬುದನ್ನು ತೂಗಿ ನೋಡಬೇಕು.

ಸವಾರನೂ ಸೈಕಲ್ಲೂ ಸೇರಿ ೯೦ ಕಿಲೋಗ್ರಾಂ ತೂಗುವರೆಂದು ಭಾವಿಸೋಣ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಗಂಟೆಗೆ ೧೮ ಕಿಲೋಮೀಟರಿನಂತೆ, ಎಂದರೆ ಸೆಕೆಂಡಿಗೆ ೫ ಮೀಟರಿನಂತೆ ಸಾಗುವಾಗ, ನೆಟ್ಟಗೆ ಕುಳಿತ ಸವಾರನನ್ನು ಗಾಳಿಯು ಸುಮಾರು ೯ ನ್ಯೂಟನ್ ಬಲದಿಂದ ತಡೆಯುತ್ತದೆ. ಟಯರುಗಳ ಉರುಳು ಘರ್ಷಣೆ ಸುಮಾರು ೫ ನ್ಯೂಟನ್. ಒಟ್ಟು ೧೪ ನ್ಯೂಟನ್ ಬಲವನ್ನು ೫ರಿಂದ ಗುಣಿಸಿದರೆ ಬೇಕಾದ ಸಾಮರ್ಥ್ಯ ೭೦ ವ್ಯಾಟ್. ಆರೋಗ್ಯವಂತನಾದ ತರುಣನಿಗೆ ಇದು ಪ್ರಯಾಸವೇನಲ್ಲ. ಆದರೆ ಇಪ್ಪತ್ತು ಮೀಟರಿಗೆ ಒಂದು ಮೀಟರಿನಂತೆ ಏರುವ ದಿಣ್ಣೆಯೊಂದು ಎದುರಾಯಿತೆನ್ನಿ. ಗುರುತ್ವವೊಂದೇ ೪೪ ನ್ಯೂಟನ್ ಬಲದಿಂದ ಹಿಂದಕ್ಕೆಳೆಯುತ್ತದೆ!

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಪಡುತ್ತವೆ. ಮೊದಲನೆಯದು, ಹೆಚ್ಚು ಹಣ ತೆತ್ತು ಮೂರು ಕಿಲೋಗ್ರಾಂ ಹಗುರವಾದ ಸೈಕಲ್ಲನ್ನು ಕೊಂಡರೂ ಆ ದಿಣ್ಣೆಯಲ್ಲಿ ಉಳಿಯುವುದು ಮೂವತ್ತರಲ್ಲಿ ಒಂದು ಪಾಲು ಮಾತ್ರ. ಎರಡನೆಯದು, ಗೇರಿನ ಅವಶ್ಯಕತೆಯನ್ನು ನಿರ್ಣಯಿಸುವುದು ನಮ್ಮ ಊರಿನ ನೆಲ. ರಾಯಚೂರು ಸೀಮೆಯ ಎರೆಯ ಬಯಲಿನಲ್ಲಿ ಓಡಾಡುವವನಿಗೆ ಒಂದೇ ಗೇರು ಸಾಲದೆ ಹೋಗದು. ಮಡಿಕೇರಿಯ ಏರಿನಲ್ಲಿ ವಾಸಿಸುವವನಿಗೆ ಅದು ಶಿಕ್ಷೆಯೇ ಸರಿ. ಇನ್ನು ಹದಿನೆಂಟು ಗೇರು ಎಂದಮಾತ್ರಕ್ಕೆ ಹದಿನೆಂಟು ಬೇರೆಬೇರೆ ಪ್ರಮಾಣಗಳೆಂದು ತಿಳಿಯಲಾಗದು. ಮುಂದಿನ ೪೨ ಹಲ್ಲಿಗೆ ಹಿಂದಿನ ೨೮ ಹಲ್ಲನ್ನು ಜೋಡಿಸಿದರೂ, ಮುಂದಿನ ೨೪ಕ್ಕೆ ಹಿಂದಿನ ೧೬ನ್ನು ಜೋಡಿಸಿದರೂ ಬರುವ ಪ್ರಮಾಣ ಒಂದೂವರೆಯೇ. ಅಗ್ಗದ ಸೈಕಲ್ಲಿನ ಸ್ಪ್ರಿಂಗಿನ ವಿಷಯದಲ್ಲಂತೂ ನನ್ನ ಮತ ಸ್ಪಷ್ಟ: ಡಾಂಬರು ರಸ್ತೆಯಲ್ಲಿ ಅದು ಹೊರೆ, ಏರಿನಲ್ಲಿ ಎದ್ದು ನಿಂತು ತುಳಿಯುವವನ ಶ್ರಮದ ಒಂದಂಶವನ್ನು ತಾನೇ ನುಂಗುತ್ತದೆ.

ಒಂದೇ ಗೇರಿನ ಸೈಕಲ್ಲನ್ನು ಏರಿಗೆ ಒಗ್ಗಿಸುವ ಸುಲಭೋಪಾಯವೊಂದುಂಟು. ಮುಂದೆ ೪೪, ಹಿಂದೆ ೧೮ ಹಲ್ಲುಗಳಿರುವ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು ೫.೪ ಮೀಟರು ಸಾಗುತ್ತದೆ. ಹಿಂದಿನ ಫ್ರೀವ್ಹೀಲನ್ನು ತೆಗೆಸಿ ೨೨ ಹಲ್ಲಿನದನ್ನು ಹಾಕಿಸಿದರೆ ಅದು ೪.೫ ಮೀಟರಿಗೆ ಇಳಿಯುತ್ತದೆ. ಮೇಲೆ ಹೇಳಿದ ದಿಣ್ಣೆಯನ್ನು ನಿಧಾನವಾಗಿ ಏರುವಾಗ ಪೆಡಲಿನ ಮೇಲೆ ಬೇಕಾಗುವ ಸರಾಸರಿ ಒತ್ತಡವು ಸುಮಾರು ೨೬ ಕಿಲೋಗ್ರಾಂ ತೂಕದಿಂದ ೨೧ಕ್ಕೆ ಬರುವುದು. ಸೆಕೆಂಡಿಗೊಂದು ಸುತ್ತು ತುಳಿದರೆ ಬಯಲಿನಲ್ಲಿ ಗಂಟೆಗೆ ೧೬ ಕಿಲೋಮೀಟರು ವೇಗವೂ ಉಳಿಯುವುದು. ಚೈನಿಗೆ ಒಂದೆರಡು ಕೊಂಡಿಗಳನ್ನು ಸೇರಿಸಬೇಕಾದೀತು, ಅಷ್ಟೆ.

ಕಾಸಿನ ಖರ್ಚೂ ಇಲ್ಲದ ಸುಧಾರಣೆಗಳು ಇನ್ನೂ ಮುಖ್ಯವಾದುವು. ಹೊಸಬರು ಎರಡು ಪಾದಗಳೂ ನೆಲಕ್ಕೆ ತಾಗುವಂತೆ ಸೀಟನ್ನು ತಗ್ಗಿಸಿಕೊಳ್ಳುತ್ತಾರೆ. ಕಲಿಯುವಾಗ ಅದು ತಕ್ಕುದೇ; ಅನಂತರವೂ ಹಾಗೆಯೇ ಬಿಟ್ಟರೆ ಮೊಳಕಾಲು ಪೂರ್ತಿ ಚಾಚದೆ ಬೇಗ ನೋಯುತ್ತದೆ. ೧೯೬೭ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಅತ್ಯಂತ ದೂರದಲ್ಲಿರುವ ಪೆಡಲಿನಿಂದ ಸೀಟಿನ ನೆತ್ತಿಯವರೆಗಿನ ಅಂತರವು ಸವಾರನ ಕಾಲಿನ ಒಳ ಉದ್ದದ ಶೇಕಡಾ ೧೦೯ರಷ್ಟಿದ್ದರೆ ಉತ್ತಮ. ಕಾಲಿನ ಒಳ ಉದ್ದ ೮೦ ಸೆಂಟಿಮೀಟರಾದರೆ ಈ ಅಂತರ ೮೭. ದಿನಕ್ಕೊಂದು ಬೆರಳಗಲದಂತೆ ಏರಿಸುತ್ತ ಹೋದರೆ ಭಯವಾಗದು.

ಟಯರಿನ ಗಾಳಿಯೂ ಅಂತಹದೇ. ನೆಲಕ್ಕೆ ತಾಗುವೆಡೆಯಲ್ಲಿ ರಬ್ಬರು ಚಪ್ಪಟೆಯಾಗಿ ಮತ್ತೆ ಸ್ವಸ್ಥಿತಿಗೆ ಬರುವಾಗ, ಹೀರಿಕೊಂಡ ಶಕ್ತಿಯನ್ನು ಪೂರ್ತಿಯಾಗಿ ಹಿಂದಿರುಗಿಸದೆ ಸ್ವಲ್ಪವನ್ನು ಉಷ್ಣವಾಗಿ ಕಳೆಯುತ್ತದೆ. ಗಾಳಿ ಕಡಮೆಯಾದಷ್ಟೂ ಈ ನಷ್ಟ ಹೆಚ್ಚು. ಓದುಗರು ಇದನ್ನು ತಾವೇ ಪರೀಕ್ಷಿಸಬಹುದು: ಚಿಕ್ಕ ಇಳಿಜಾರೊಂದರ ನೆತ್ತಿಯಿಂದ ತುಳಿಯದೆ ಇಳಿದು, ಸಮನೆಲದಲ್ಲಿ ಸೈಕಲ್ಲು ಎಲ್ಲಿ ನಿಲ್ಲುವುದೆಂದು ಗುರುತು ಹಾಕಿ, ಟಯರಿನ ಮಗ್ಗುಲಲ್ಲಿ ಮುದ್ರಿಸಿರುವ ಪ್ರಮಾಣಕ್ಕೆ ಗಾಳಿ ತುಂಬಿಸಿ, ಮತ್ತೆ ಅಲ್ಲಿಂದಲೇ ಇಳಿದು ನೋಡಿ.

ಕೊಳ್ಳುವ ಮುನ್ನ ಮನೆಯ ಮೂಲೆಯನ್ನೂ ಒಮ್ಮೆ ನೋಡುವುದು ಮೇಲು. ಕರ್ನಾಟಕ ಸರ್ಕಾರವು ೨೦೦೬-೦೭ನೆಯ ಸಾಲಿನಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳಲ್ಲಿ ಎಷ್ಟೋ ಇಂದು ಧೂಳು ಹಿಡಿದು ಬಿದ್ದಿವೆ. ಚೌಕಟ್ಟು ಬಾಗದೆ, ಬೆಸುಗೆ ಬಿರಿಯದೆ ಇದ್ದರೆ ಮಿಕ್ಕುದೆಲ್ಲವನ್ನೂ ಸರಿಪಡಿಸಬಹುದು. ಬಿಚ್ಚಿ, ತೊಳೆದು, ಗ್ರೀಸು ತುಂಬುವ ಈ ಕೆಲಸಕ್ಕೆ ನಮ್ಮ ಷಾಪುಗಳಲ್ಲಿ 'ಓವರಾಯಿಲಿಂಗ್' ಎನ್ನುವರು. ಇಂಗ್ಲಿಷಿನ ಮೂಲಪದಕ್ಕಿಂತ ಇದೇ ಹೆಚ್ಚು ಅರ್ಥವತ್ತಾಗಿದೆಯಲ್ಲವೆ! ಚೈನನ್ನು ಅಳತೆಪಟ್ಟಿಯಿಂದ ಅಳೆಯಿರಿ: ೨೪ ಕೊಂಡಿಗಳು ಸರಿಯಾಗಿ ೧೨ ಅಂಗುಲವಿರಬೇಕು, ಅಂಗುಲದ ಎಂಟರಲ್ಲೊಂದು ಪಾಲು ಹೆಚ್ಚಿದ್ದರೆ ಅದು ಸವೆದಿದೆ, ಬದಲಿಸಬೇಕು.

ಹಣವನ್ನು ನಿಜಕ್ಕೂ ವ್ಯಯಿಸಬೇಕಾದುದು ಬ್ರೇಕಿಗೆ. ಬ್ರೇಕು ಒತ್ತಿದಾಗ ಭಾರವು ಮುಂಚಕ್ರಕ್ಕೆ ಸರಿದು ಹಿಂಚಕ್ರದ ಹಿಡಿತ ತಗ್ಗುತ್ತದೆ. ಆದಕಾರಣ ಒಣ ರಸ್ತೆಯಲ್ಲಿ, ಸೆಕೆಂಡಿಗೆ ೫ ಮೀಟರು ವೇಗದಲ್ಲಿ, ಹಿಂದಿನ ಬ್ರೇಕೊಂದನ್ನೇ ನಂಬಿದರೆ ನಿಲ್ಲಲು ಸುಮಾರು ೫ ಮೀಟರು ಬೇಕು. ಎರಡನ್ನೂ ಹದವರಿತು ಒತ್ತಿದರೆ ಅದರ ಅರ್ಧ ಸಾಕು. ಮಳೆಯಲ್ಲಾದರೋ ಕಥೆಯೇ ಬೇರೆ. ನೀರು ಹತ್ತಿದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರುತ್ತದೆ; ಅಲ್ಯುಮಿನಿಯಂ ರಿಮ್ಮು ಇದಕ್ಕಿಂತ ಬಹಳ ಮೇಲು. ಮಲೆನಾಡಿನ ವಿದ್ಯಾರ್ಥಿಯು ಗೇರಿಗೂ ಮೊದಲು ಮುಂಚಕ್ರಕ್ಕೆ ಅಂತಹ ರಿಮ್ಮೊಂದನ್ನು ಹಾಕಿಸಲಿ. ಅದು ಕೈಗೂಡುವ ತನಕ ಮಳೆಯ ದಿನಗಳಲ್ಲಿ ಇಳಿಜಾರಿಗೆ ಬರುವ ಮುನ್ನವೇ ಬ್ರೇಕನ್ನು ಮೃದುವಾಗಿ ಒತ್ತಿ ಹಿಡಿದು, ಚಕ್ರವು ನಾಲ್ಕಾರು ಸುತ್ತು ತಿರುಗಿ ರಿಮ್ಮಿನ ನೀರು ಒರೆಸಿಹೋಗುವಂತೆ ಮಾಡಿಕೊಳ್ಳಬೇಕು.